ಮನೆಯವರಿಗೆ ಕಡೆಗೆ

ಮೊನ್ನೆ ಹಳೆಯ ಕನ್ನಡಕ ಹುಡುಕಲು ಮೇಜಿನ ಖಾನೆ ಎಳೆದೆ. ಕನ್ನಡಕ ಸಿಗಲಿಲ್ಲ. ಹುಡುಕುವುದಕ್ಕೇ ಕನ್ನಡಕ ಬೇಕಾದ ವಯಸ್ಸಿನಲ್ಲಿ ಅದು ಸಿಗುವುದೂ ಕಷ್ಟವೇ ಅನ್ನಿ. ಬದಲಿಗೆ ನೀಲಿ ಪಟ್ಟಿಯೊಂದು ಬೆರಳಿಗೆ ಸುತ್ತಿಕೊಂಡಿತು. ಎಳೆದರೆ ಅದರ ತುದಿಯಲ್ಲಿ ಪ್ಲಾಸ್ಟಿಕ್ ಕವರು, ಕವರಿನೊಳಗೆ ನಾನು. 'ಕೋವಿಡ್ ಕಾರ್ಯಪಡೆ, ಸದಸ್ಯರು' ಎಂದು ಕೆಳಗೆ ದಪ್ಪಕ್ಷರದಲ್ಲಿದೆ. ನಿವೃತ್ತಿಯ ವರ್ಷ ತೆಗೆಸಿದ ಫೋಟೋ. ತಲೆಗೆ ಕಪ್ಪು ಹಚ್ಚಿಕೊಳ್ಳುತ್ತಿದ್ದ ಕಾಲ. ಆ ಮುಖದ ಗತ್ತು ನೋಡಿದರೆ ಇಡೀ ಬ್ರಹ್ಮಾವರ ತಾಲೂಕು ಇವನೊಬ್ಬನ ಅಪ್ಪಣೆ ಪಡೆದು ಉಸಿರಾಡುತ್ತಿತ್ತೇನೋ ಅನ್ನಿಸಬೇಕು.

ಮೂವತ್ತು ವರ್ಷಕ್ಕೂ ಮಿಕ್ಕಿ ಶಾಲೆಯ ಗಂಟೆಗೆ ಎದ್ದು ಕೂತವನಿಗೆ ನಿವೃತ್ತಿ ಒಗ್ಗುವುದಿಲ್ಲ ನೋಡಿ. ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಇಸ್ತ್ರಿ ಅಂಗಿ ತೊಟ್ಟು ಜಗಲಿಯಲ್ಲಿ ಕೂತು, ರಸ್ತೆಯಲ್ಲಿ ಹೋಗುವವರೆಲ್ಲ ತಡವಾಗಿ ಬಂದ ಮಕ್ಕಳು ಎಂಬಂತೆ ದುರುಗುಟ್ಟಿ ನೋಡುತ್ತಿದ್ದೆ. ಅಂಥ ಹೊತ್ತಿನಲ್ಲಿ ಲಾಕ್‌ಡೌನು ಬಂತು, ಹಿಂದೆಯೇ ಪಂಚಾಯತಿನಿಂದ ಫೋನೂ ಬಂತು. ಊರಿನ ಸಮಿತಿಗೆ ಒಬ್ಬ 'ನಿಷ್ಪಕ್ಷಪಾತಿ' ಹಿರಿಯರು ಬೇಕಂತೆ. ಆ ಮಾತು ಕೇಳಿದ್ದೇ ನನ್ನ ಎದೆ ಎರಡಂಗುಲ ಉಬ್ಬಿತು. ಈ ಗುರುತಿನ ಚೀಟಿ ಕೈಗೆ ಬಂದ ದಿನದಿಂದ ಅದನ್ನು ಕುತ್ತಿಗೆಯಿಂದ ಇಳಿಸಲಿಲ್ಲ. ಬಾವಿಕಟ್ಟೆಯಲ್ಲಿ ಹಲ್ಲುಜ್ಜುವಾಗಲೂ ಅದು ನೇತಾಡುತ್ತಿತ್ತು.

"ಇವ್ರಿಗೆ ಕುತ್ಗಿಗೆ ಎಂತಾರೂ ಒಂದ್ ನೇಲ್ತಾ ಇರ್ಕ್. ಇಲ್ದಿರೆ ಊಟ ಸೇರೂದಿಲ್ಲ" ಎಂದು ನನ್ನ ಹೆಂಡತಿ ಬಾವಿಯಿಂದ ನೀರು ಸೇದುತ್ತ ಹೇಳಿದಳು. ನಾನು ಕೇಳಿಸದವನ ಹಾಗೆ ಬಾಯಿ ಮುಕ್ಕಳಿಸಿದೆ.

ಕೆಲಸ ಇಷ್ಟೇ. ವಿದೇಶದಿಂದ ಬಂದವರನ್ನು ಮಂಗಳೂರಿನ ವಿಮಾನ ನಿಲ್ದಾಣದಿಂದ ನೇರ ಬಸ್ಸಿನಲ್ಲಿ ತಂದು ಕುಂದಾಪುರದ ಲಾಡ್ಜುಗಳಲ್ಲಿ ಇರಿಸುತ್ತಿದ್ದರು. ಆಗ ಅದು ಹದಿನಾಲ್ಕು ದಿನ, ಆಮೇಲೆ ಕಡಿಮೆಯಾಯಿತು. ಲಾಡ್ಜಿನ ವಾಸ ಮುಗಿಸಿ ಮನೆಗೆ ಬಂದವರ ಬಾಗಿಲಿಗೆ ನಾನು ಹೋಗಿ ನೋಟೀಸು ಅಂಟಿಸಬೇಕು, ಕೈಮೇಲೆ ಒತ್ತಿದ ಸೀಲು ನೋಡಬೇಕು, ದಿನ ಎಣಿಸಬೇಕು. ಅಂಟು ಪೇಟೆಯಲ್ಲಿ ಸಿಗದೆ ಮನೆಯಲ್ಲೇ ಮೈದಾ ಕಾಸಿಕೊಂಡು ಹೋಗುತ್ತಿದ್ದೆ. ಒಂದೆರಡು ಮನೆಯ ನೋಟೀಸನ್ನು ದನ ನೆಕ್ಕಿ ತೆಗೆದದ್ದೂ ಉಂಟು. ದುಬೈಯಿಂದ ಬಂದ ಒಬ್ಬಾತ ಅಂಗಳದಿಂದಲೇ ಕೂಗಿದ, "ಹ್ವಾಯ್ ಮಾಸ್ಟ್ರೆ, ಮೀಯುವತಿಗೆ ಸೀಲ್ ಅಳ್ಸಿ ಹೋಯ್ತ್. ಇನ್ನೊಂದ್ ಒತ್ತಿ ಕೊಡ್ಕ್. ಇಲ್ದಿರೆ ನಾ ದುಬೈಗೇ ಹೋಯ್ಲಿಲ್ಲ ಅಂತ್ರ್ ಜನ." ಸೀಲು ಒತ್ತುವ ಅಧಿಕಾರ ನನಗಿಲ್ಲ ಎಂದಾಗ ಅವನಿಗಿಂತ ನನಗೇ ಹೆಚ್ಚು ಬೇಸರವಾಗಿತ್ತು.

ಒಂದು ಅಧಿಕಾರ ಮಾತ್ರ ಇತ್ತು. ಸುತ್ತೋಲೆಯ ಎರಡನೆಯ ಪುಟದಲ್ಲಿ ಒಂದು ವಿನಾಯಿತಿ ಇತ್ತು: ಬಂದವರು ಗರ್ಭಿಣಿಯಾಗಿದ್ದರೆ, ತೀರ ಕಾಯಿಲೆಯವರಾಗಿದ್ದರೆ, ಅಥವಾ ಮನೆಯಲ್ಲಿ ಯಾರದಾದರೂ ಜೀವ ಕಷ್ಟದಲ್ಲಿದ್ದರೆ ಲಾಡ್ಜಿನ ಬದಲು ಮನೆಯಲ್ಲೇ ದಿನ ಕಳೆಯಬಹುದು. ಆದರೆ ಮನೆಯಲ್ಲಿ ಬೇರೆ ಕೋಣೆ, ಬೇರೆ ಬಚ್ಚಲು ಇದೆ ಎಂದು ಊರಿನ ಸಮಿತಿಯವರು ನೋಡಿ ಸಹಿ ಹಾಕಬೇಕು. ಆ ಸಹಿ ನನ್ನದು. ನಾನು ಎರಡು ಮನೆಗೆ ಹಾಕಿ ಕೊಟ್ಟಿದ್ದೆ. ಒಬ್ಬಳು ಏಳು ತಿಂಗಳ ಬಸುರಿ, ಇನ್ನೊಬ್ಬರು ಮಸ್ಕತ್ತಿನಿಂದ ಬಂದ ಕಿಡ್ನಿ ಕಾಯಿಲೆಯವರು. ಎರಡೂ ಸಲ ಬಚ್ಚಲಿನ ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ಎಂದು ನೋಡಿಯೇ ಸಹಿ ಮಾಡಿದ್ದು. ಆ ದಿನಗಳಲ್ಲಿ ನನ್ನ ಬಗ್ಗೆ ನನಗೆ ತುಂಬ ಒಳ್ಳೆಯ ಅಭಿಪ್ರಾಯವಿತ್ತು.

ಇಲ್ಲಿ ನಮ್ಮ ಮನೆತನದ ಒಂದು ಪದ್ಧತಿ ಹೇಳಬೇಕು. ನಮ್ಮದು ಕೋಟದ ಕಡೆಯ ಮನೆ, ಹಿರಿಯರಿಂದ ದೇವಸ್ಥಾನದ ಚಾಕರಿ. ಪೂಜೆಯಾದ ಮೇಲೆ ಪ್ರಸಾದ ಹಂಚುವುದು ಅಪ್ಪಯ್ಯನ ಕೆಲಸ. ಪಂಚಕಜ್ಜಾಯ ಎಂದರೆ ಗೊತ್ತಲ್ಲ, ಬೆಲ್ಲ, ಕಾಯಿ, ಕಡ್ಲೆಬೇಳೆ, ಎಳ್ಳು, ತುಪ್ಪ. ಆ ವಾಸನೆಗೆ ನಾನು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ನಿಲ್ಲುತ್ತಿದ್ದೆ. ಅಪ್ಪಯ್ಯ ನನ್ನ ಕೈ ದಾಟಿಸಿ ಪಕ್ಕದವನ ಕೈಗೆ ಹಾಕುತ್ತಿದ್ದರು. "ನಾವ್ ದೇವಸ್ಥಾನದವ್ರ್. ನಮ್ಗೆ ಕಡಿಗೆ" ಎನ್ನುವರು. ಕಡೆಗೆ ಎಂದರೆ ತೀರ ಕಡೆಗೆ. ನಮ್ಮ ಸರದಿ ಬರುವಾಗ ಉರುಳಿಯ ತಳದಲ್ಲಿ ಎಳ್ಳು ಮಾತ್ರ ಇರುತ್ತಿತ್ತು. ಒಂದು ದಿನವೂ ಅವರು ಮನೆಯವರಿಗೆಂದು ಒಂದು ಮುಷ್ಟಿ ತೆಗೆದಿಡಲಿಲ್ಲ. ಊರಿನಲ್ಲಿ ಅದಕ್ಕೆ ದೊಡ್ಡ ಮರ್ಯಾದೆ ಇತ್ತು, ಅದನ್ನು ಕೇಳಿಯೇ ನಾನು ಬೆಳೆದೆ. ಮುಂದೆ ಹೆಡ್‌ಮಾಸ್ತರನಾದಾಗ ನನ್ನ ಮಗನಿಗೆ ಓಟದಲ್ಲಿ ಮೊದಲ ಬಹುಮಾನ ಬಂದರೂ ತಪ್ಪಿಸಿ ಎರಡನೆಯವನಿಗೆ ಕೊಟ್ಟು ಬೀಗಿದವನು ನಾನು.

ನನ್ನ ಅಕ್ಕನಿಗೆ ಈ ಪದ್ಧತಿಯ ಮೇಲೆ ಅಂಥ ಭಕ್ತಿ ಇರಲಿಲ್ಲ. ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಮೈತುಂಬ ಗುಳ್ಳೆ ಎದ್ದು ಜ್ವರ ಬಂತು. ಅಜ್ಜಿ ಮಡಿಯವರು; ನನ್ನನ್ನು ಕೊಟ್ಟಿಗೆಗೆ ತಾಗಿದ ಕೋಣೆಗೆ ಹಾಕಿ, ಬಾಗಿಲಿಗೆ ಕಹಿಬೇವಿನ ಸೊಪ್ಪು ಸಿಕ್ಕಿಸಿ, ಮಕ್ಕಳು ಯಾರೂ ಆ ಕಡೆ ಸುಳಿಯಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಮೊದಲ ದಿನ ನಾನು ಅತ್ತೂ ಅತ್ತೂ ಸುಸ್ತಾದೆ. ಎರಡನೆಯ ದಿನ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಹಿಂದಿನ ಕಿಟಕಿಯಿಂದ ಒಂದು ಚೆನ್ನೆಮಣೆ ಒಳಗೆ ಬಂತು, ಅದರ ಹಿಂದೆ ಅಕ್ಕ ಬಂದಳು. ಲಂಗದ ಮಡಿಲಲ್ಲಿ ಆಟದ ಕಾಯಿಗೆಂದು ಮಂಜಟ್ಟಿ ಬೀಜ. ದಿನವೂ ಬಂದು ಆಡಿ, ದಿನವೂ ನನ್ನನ್ನು ಸೋಲಿಸಿ ಹೋದಳು. ನಾನು ಎದ್ದ ವಾರಕ್ಕೆ ಅವಳು ಅದೇ ಕೋಣೆಯಲ್ಲಿ ಮಲಗಿದಳು. ಹಣೆಯ ಎಡಗಡೆ ಎರಡು ಕಲೆ ಉಳಿದವು. ಅಜ್ಜಿ ಬೈದದ್ದಕ್ಕೆ ಅವಳು ಹೇಳಿದ್ದು ಒಂದೇ ಮಾತು: "ಮಾಣಿ ಒಬ್ನೇ ಇದ್ದಿದ್ದ."

ಅರವತ್ತು ದಾಟಿದ ಮೇಲೂ ನಾನು ಅವಳಿಗೆ ಮಾಣಿಯೇ, ಸಣ್ಣ ಹುಡುಗನೇ. ಅವಳನ್ನು ಕೊಟ್ಟದ್ದು ಬೈಂದೂರಿಗೆ. ಭಾವನಿಗೆ ಅಲ್ಲಿ ಪೇಟೆಯಲ್ಲಿ ಒಂದು ಸಣ್ಣ ಹೋಟೆಲು, ಗೋಳಿಬಜೆಗೆ ಹೆಸರಾದದ್ದು. ಭಾವ ಮಾತು ಕಡಿಮೆ, ನಗು ಜಾಸ್ತಿ. ಹೋಟೆಲಿನವರಾದರೂ ಹೊರಗೆ ಎಲ್ಲಿಯೂ ತಿನ್ನುವವರಲ್ಲ. ಊಟ ಎಂದರೆ ಅಕ್ಕನ ಕೈಯದೇ ಆಗಬೇಕು. ಅವರಿಗೆ ಒಬ್ಬಳೇ ಮಗಳು, ಬಹರೈನಿನಲ್ಲಿ ಸಂಸಾರ. ಆ ವರ್ಷ ಮಗಳಿಗೆ ಹೆರಿಗೆ. ಬಾಣಂತನಕ್ಕೆಂದು ಅಕ್ಕ ಶಿವರಾತ್ರಿಗೆ ಮೊದಲೇ ಹೊರಟಳು. ಲೇಹ್ಯ, ಬಾಣಂತಿ ಮದ್ದಿನ ಪುಡಿ, ತಲೆಗೆ ಕಟ್ಟುವ ಹಳೆ ಸೀರೆ ತುಂಡು, ಎಲ್ಲ ಪೆಟ್ಟಿಗೆಯಲ್ಲಿ. ನಲವತ್ತು ದಿನ ಮಗಳನ್ನು ಕೋಣೆಯಿಂದ ಹೊರಗೆ ಬಿಡಬಾರದು ಎಂದು ಹಟ ತೊಟ್ಟು ಹೋದವಳು. ಅಷ್ಟರಲ್ಲಿ ಲೋಕವೇ ಕೋಣೆಯೊಳಗೆ ಸೇರಿಕೊಂಡಿತು, ವಿಮಾನಗಳು ನಿಂತವು. ಹೋಟೆಲು ಮುಚ್ಚಿದ ಭಾವ ಒಬ್ಬರೇ ಯಾಕೆ ಎಂದು ನಾನೇ ಹೋಗಿ ನಮ್ಮ ಮನೆಗೆ ಕರೆತಂದೆ.

ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಭಾವನ ಕೈಯಿಂದ ಕಾಪಿ ಲೋಟ ಜಾರಿತು. ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಆಸ್ಪತ್ರೆಯಲ್ಲಿ ವಾರವಿಟ್ಟುಕೊಂಡು, ಹೃದಯವೂ ಸೋತಿದೆ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದು ಕಳಿಸಿದರು. ಹಾಗೆ ಹೇಳಿದರೆ ಏನರ್ಥ ಎಂದು ನನಗೆ ಗೊತ್ತಿತ್ತು. ಮಾತು ತೊದಲುತ್ತಿತ್ತು, ಬುದ್ಧಿ ಮಾತ್ರ ಚುರುಕು. "ಅವ್ಳ್ ಯಾವತ್ ಬತ್ಲ್?" ಎಂದು ದಿನಕ್ಕೆ ನಾಲ್ಕು ಸಲ ಕೇಳುವರು. ಅಂತೂ ಮೇ ತಿಂಗಳಲ್ಲಿ ವಿಶೇಷ ವಿಮಾನವೊಂದರಲ್ಲಿ ಅಕ್ಕನಿಗೆ ಜಾಗ ಸಿಕ್ಕಿತು.

ಬಂದ ದಿನ ಬಸ್ಸಿನಿಂದ ಫೋನು ಮಾಡಿದಳು. "ಮಾಣಿ, ಬಸ್ಸ್ ಬ್ರಹ್ಮಾವರ ದಾಟ್ತ್. ನಿನ್ ಭಾವನ್ನ ಒಂದ್ಚೂರ್ ಹೈವೇ ಬದಿಗ್ ಕರ್ಕಂಡ್ ಬಪ್ಪುಕಾತಾ? ರಿಕ್ಷಾದ್ ಒಳ್ಗೆ ಕೂರ್ಸಿರೂ ಸಾಕ್. ನಾ ಕಿಟ್ಕಿಯಿಂದ ಕಾಂತೆ."

"ಹಾಂಗೆಲ್ಲ ಜನ ಸೇರುಕಾಗ ಅಕ್ಕ. ನಾನೇ ಬತ್ತೆ" ಎಂದೆ.

ಅವಳು "ಅಡ್ಡಿಲ್ಲ" ಎಂದಳು. ಅಡ್ಡಿಲ್ಲ ಎಂಬುದು ನಮ್ಮ ಕಡೆ ಎಲ್ಲದಕ್ಕೂ ಸಲ್ಲುವ ಮಾತು. ಅಡ್ಡಿ ಇದ್ದಾಗಲೂ ಅದನ್ನೇ ಹೇಳುತ್ತೇವೆ.

ನಾನು ಮಾಸ್ಕು, ಚೀಟಿ ಎಲ್ಲ ಧರಿಸಿ ಹೆದ್ದಾರಿಯ ಬದಿಗೆ ನಿಂತೆ. ಪರದೆ ಎಳೆದ ಬಸ್ಸೊಂದು ಬಂತು. ಕಿಟಕಿಯೊಂದರಲ್ಲಿ ಹೆಂಗಸೊಬ್ಬರ ಸೆರಗು ಕಂಡಂತಾಗಿ ಕೈ ಬೀಸಿದೆ, ಬಸ್ಸು ಕಣ್ಮರೆಯಾಗುವ ತನಕ ಬೀಸಿದೆ. ಆ ಸಂಜೆ ಲಾಡ್ಜಿನಿಂದ ಅಕ್ಕ ಹೇಳಿದಳು, "ನಾ ಹಿಂದಿನ್ ಬಸ್ಸಿನಂಗಿದ್ದಿದ್ದೆ. ನೀನ್ ಮುಂದಿನ್ ಬಸ್ಸಿಗ್ ಕೈ ಬೀಸಿ ಮನಿ ಬದಿಗ್ ಹೊರಟದ್ದ್ ಕಂಡೆ. ನಿನ್ ಬೆನ್ನ್ ಕಂಡ್ತ್, ಸಾಕ್." ಇಬ್ಬರೂ ನಕ್ಕೆವು. ಆಗ ನಗಲು ಬರುತ್ತಿತ್ತು.

ಲಾಡ್ಜಿಗೆ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಅರ್ಧ ಗಂಟೆಯೂ ಬೇಡ. ಎರಡು ದಿನಕ್ಕೊಮ್ಮೆ ಹೋಗಿ ಗೇಟಿನಲ್ಲಿ ಮಿಡಿ ಉಪ್ಪಿನಕಾಯಿ, ಹಪ್ಪಳ, ಒಗೆದ ಸೀರೆ ಕೊಟ್ಟು ಬರುತ್ತಿದ್ದೆ. ಎರಡನೆಯ ಮಹಡಿಯ ಕಿಟಕಿಯಲ್ಲಿ ಅವಳು ನಿಲ್ಲುವಳು, ಕೆಳಗೆ ನಾನು ನಿಲ್ಲುವೆ, ಇಬ್ಬರೂ ಫೋನಿನಲ್ಲಿ ಮಾತನಾಡುವೆವು. ಮೂರನೆಯ ದಿನ ಅವಳು ಕೇಳಿದಳು, "ನಿಮ್ಮನಿ ಬಾವಿಕಟ್ಟಿ ಬದಿ ಕೋಣಿ ಖಾಲಿ ಇತ್ತಾ ಮಾಣಿ?"

"ಇತ್ತ್. ಕಾಯಿ ರಾಶಿ ಹಾಕಿತ್ ಅದ್ರಂಗೆ."

"ಅದ್ಕೆ ಬಚ್ಚಲ್ ಬೇರೆ ಇತ್ತಲ್ದಾ?"

"ಇತ್ತಲೆ. ಎಂತಕೆ?"

"ಎಂತಕಿಲ್ಲ. ನೆನ್ಪಾಯ್ತ್, ಕೇಂಡೆ."

ನೀವು ನನ್ನನ್ನು ದಡ್ಡ ಎಂದುಕೊಳ್ಳಬಹುದು. ದಡ್ಡತನವಾಗಿದ್ದರೆ ನಾನು ಇಂದು ಇದನ್ನು ಬರೆಯುತ್ತಿರಲಿಲ್ಲ. ಎರಡನೆಯ ಪುಟ ನನಗೆ ಬಾಯಿಪಾಠವಿತ್ತು. ಅಕ್ಕನಿಗೆ ಅದು ಗೊತ್ತಿಲ್ಲ ಎಂದುಕೊಂಡೆ, ಗೊತ್ತು ಮಾಡಿಸಲೂ ಇಲ್ಲ. ಮನೆಯಲ್ಲಿ ಹೆಂಡತಿ ಮಾತ್ರ ಬಿಡಲಿಲ್ಲ.

"ಎರಡ್ ಮನಿಗೆ ಸೈ ಹಾಕಿ ಕೊಟ್ರಿ. ಅತ್ಗೆಗೆ ಕೊಡುಕೆ ಎಂತ?"

"ಅವ್ರೆಲ್ಲ ಊರವ್ರ್. ನಮ್ಮನಿಗೆ ನಾನೇ ಬರ್ಕಂಡ್ರೆ ಜನ ಎಂತ ಹೇಳ್ತ್ರ್?"

"ಅದನ್ನ್ ಒಳಗ್ ಮಲ್ಗಿದವ್ರ್ ಹತ್ರ ಹೋಯಿ ಹೇಳಿ."

ನಾನು ಹೋಗಿ ಹೇಳಲಿಲ್ಲ. ನಾಳೆ ನೋಡುವ ಎಂದೆ. ಮರುದಿನವೂ ಹಾಗೆಯೇ ಎಂದೆ. ಎಂಟು ದಿನ ಹೋಯಿತು, ಇನ್ನು ಆರು ದಿನ ತಾನೇ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಒಳಗಿಂದೊಳಗೆ ಒಂದು ಖುಷಿಯೂ ಇತ್ತು, ಅದನ್ನು ಬಚ್ಚಿಡುವುದಿಲ್ಲ. ಪಂಚಾಯತಿನಲ್ಲಿ ಯಾರೋ, "ಮಾಸ್ಟ್ರ್ ಸ್ವಂತ ಅಕ್ಕನ್ನೂ ಬಿಡ್ಲಿಲ್ಲ ಅಂಬ್ರ್" ಎಂದದ್ದು ಕಿವಿಗೆ ಬಿದ್ದಿತ್ತು. ಆ ಮಾತಿಗೆ ನನಗೆ ಆ ದಿನ ಊಟ ರುಚಿಸಿತು.

ಭಾವ ದಿನ ಎಣಿಸುತ್ತಿದ್ದರು. ಎಂಟನೆಯ ದಿನ ಮಧ್ಯಾಹ್ನ ಬಲಗೈಯಿಂದ ಗಲ್ಲ ಮುಟ್ಟಿ ತೋರಿಸಿ, "ಗಡ್ಡ" ಎಂದರು. ಅಕ್ಕ ಬರುವಾಗ ಹೀಗಿರಬಾರದು ಎಂದು ಅವರ ಆಸೆ. ಕ್ಷೌರದ ಅಂಗಡಿಗಳೆಲ್ಲ ಮುಚ್ಚಿದ್ದವು. ನಾನೇ ದಿಂಬು ಒರಗಿಸಿ ಕೂರಿಸಿ, ನನ್ನ ರೇಜರಿನಲ್ಲಿ ಮಾಡಿದೆ. ಇನ್ನೊಬ್ಬರ ಗಡ್ಡ ಮಾಡುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ; ಗಲ್ಲದ ಕೆಳಗೆ ಒಂದು ಕಡೆ ಕೊಯ್ದೆ. ಭಾವ ನಕ್ಕರು. ಕನ್ನಡಿ ಹಿಡಿದಾಗ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡು, "ಇನ್ನ್ ಆರ್" ಎಂದರು.

ಮರುದಿನ ಬೆಳಿಗ್ಗೆ ಹೆಂಡತಿ ಗಂಜಿ ತೆಗೆದುಕೊಂಡು ಒಳಗೆ ಹೋದಳು. ಎರಡು ಚಮಚ ಕುಡಿದರಂತೆ, ಮೂರನೆಯದಕ್ಕೆ ಬಾಯಿ ತೆರೆಯಲಿಲ್ಲವಂತೆ.

ಮುಂದಿನದನ್ನು ಬರೆಯಲು ನನಗೆ ಕೈ ಬರುವುದಿಲ್ಲ, ಆದರೆ ಬರೆಯಬೇಕು. ಸಾವಿನ ಮನೆಗೆ ಬರಲು ಬೇರೆ ಅನುಮತಿ ಇತ್ತು, ಅದಕ್ಕೂ ಊರಿನ ಸಮಿತಿಯ ಕಾಗದ ಬೇಕಿತ್ತು. ನಾನು ಆ ಕಾಗದವನ್ನು ಕೂತಲ್ಲೇ ಬರೆದೆ, ಕೂತಲ್ಲೇ ಸಹಿ ಮಾಡಿದೆ. ಜನ ಏನು ಹೇಳುತ್ತಾರೆ ಎಂದು ಒಮ್ಮೆಯೂ ಅನ್ನಿಸಲಿಲ್ಲ. ಎರಡು ಗಂಟೆಯೊಳಗೆ ಅಕ್ಕನನ್ನು ಕರೆತಂದರು. ಒಂಬತ್ತು ದಿನ ಬೇಕಾಗಿದ್ದದ್ದು ಆ ಒಂದು ಸಹಿಯೇ. ಬದುಕಿದ್ದವರನ್ನು ನೋಡಲು ಹಾಕದ ಸಹಿಯನ್ನು ನಾನು ಹೆಣ ನೋಡಲು ಹಾಕಿ ಕೊಟ್ಟೆ.

ತಲೆಯಿಂದ ಕಾಲಿನವರೆಗೆ ಬಿಳಿ ಪಿಪಿಇ ಅಂಗಿ, ಕಣ್ಣಿಗೆ ದೊಡ್ಡ ಕನ್ನಡಕ ತೊಟ್ಟು ಅಕ್ಕ ತುಳಸಿಕಟ್ಟೆಯ ಆಚೆ ನಿಂತಳು. ಜತೆಗೆ ಬಂದವರು ಅಲ್ಲಿಂದ ಮುಂದೆ ಹೋಗಬಾರದು ಎಂದಿದ್ದರು. ಭಾವನನ್ನು ಅಂಗಳದಲ್ಲಿ ಮಲಗಿಸಿತ್ತು. ಅವಳು ಅಳಲಿಲ್ಲ, ಅಥವಾ ಆ ಕನ್ನಡಕದೊಳಗೆ ನಮಗೆ ಕಾಣಲಿಲ್ಲ. ಬಹಳ ಹೊತ್ತು ನೋಡಿ ಕೇಳಿದಳು, "ಗಡ್ಡ ಯಾರ್ ತೆಗ್ದದ್ದ್?"

"ನಾನ್" ಎಂದೆ.

"ಚಂದ ಆಯ್ತ್" ಎಂದಳು.

ಭಾವನ ತಮ್ಮನ ಮಗ ಕೊಳ್ಳಿಯಿಟ್ಟ. ಅಕ್ಕನನ್ನು ಮತ್ತೆ ಲಾಡ್ಜಿಗೆ ಕರೆದೊಯ್ದರು. ಮನೆಯಲ್ಲೇ ಇರಲಿ ಎಂದು ಬರೆದುಕೊಡಲು ನಾನು ಪೆನ್ನು ತೆಗೆದೆ. ಅವಳು ಬೇಡ ಎಂದು ತಲೆಯಾಡಿಸಿ ವ್ಯಾನು ಹತ್ತಿದಳು. ಲಾಡ್ಜಿನ ಉಳಿದ ಐದು ದಿನವನ್ನು ಅವಳು ಸೂತಕದಲ್ಲೇ ಆ ಎರಡನೆಯ ಮಹಡಿಯ ಕೋಣೆಯಲ್ಲಿ ಒಬ್ಬಳೇ ಕಳೆದಳು. ನಾನು ಕೆಳಗೆ ಹೋಗಿ ನಿಂತರೂ ಕಿಟಕಿ ತೆರೆಯಲಿಲ್ಲ. ಮಲಗಿದ್ದಾಳೆ ಎಂದುಕೊಂಡು ಹಿಂದಿರುಗುತ್ತಿದ್ದೆ.

ಆಮೇಲೆ ಎಲ್ಲ ಮೊದಲಿನ ಹಾಗೆಯೇ ಆಯಿತು. ಅವಳು ಬೈಂದೂರಿನ ಮನೆಗೆ ಹೋದಳು, ಹೋಟೆಲನ್ನು ಭಾವನ ತಮ್ಮನ ಮಗ ನಡೆಸುತ್ತಿದ್ದಾನೆ. ಮಗಳು ವರ್ಷಕ್ಕೊಮ್ಮೆ ಬಂದು ಹೋಗುತ್ತಾಳೆ. ನಾನು ಹೋದರೆ ಅಕ್ಕ ಬೆಲ್ಲ ನೀರು ಕೊಡುತ್ತಾಳೆ, ಹಲಸಿನ ಹಪ್ಪಳ ಕಾಯಿಸುತ್ತಾಳೆ, ನನ್ನ ಹೊಟ್ಟೆ ಮುಂದೆ ಬಂದದ್ದನ್ನು ಹಾಸ್ಯ ಮಾಡುತ್ತಾಳೆ. ಒಂದು ದಿನವೂ ಆ ಮಾತು ಎತ್ತಿಲ್ಲ. ಅವಳಿಗೆ ತಿಳಿಯದ್ದನ್ನು ನಾನೇಕೆ ಹೇಳಿ ನೋಯಿಸಬೇಕು ಎಂದು ನಾನೂ ಇಷ್ಟು ವರ್ಷ ಸುಮ್ಮನಿದ್ದೆ. ಸುಮ್ಮನಿರುವುದಕ್ಕೆ ನೆಪ ಬೇಕಾದರೆ ನಮಗೆ ಯಾವಾಗಲೂ ಸಿಗುತ್ತದೆ.

ಚೀಟಿ ಸಿಕ್ಕಿದ ಮರುವಾರ ಭಾವನ ತಿಥಿ. ಮರವಂತೆ, ತ್ರಾಸಿ ದಾಟುವಾಗ ಬಸ್ಸಿನ ಕಿಟಕಿಯಿಂದ ಕಡಲು ನೋಡುತ್ತ, ಈ ಸಲ ಹೇಳಿಯೇ ಬಿಡುವುದೆಂದು ನಿರ್ಧರಿಸಿದೆ. ಊಟವಾಗಿ ಎಲ್ಲರೂ ಮಲಗಿದರು. ಅಕ್ಕ ಹಿಂದಿನ ಜಗಲಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ಬೀಜ ತೆಗೆದುಕೊಂಡೆ.

"ಅಕ್ಕ, ಆವತ್ತ್ ನೀನ್ ಲಾಡ್ಜಿನಂಗೆ ಕೂಕಂಬುದೇ ಬೇಡ ಇದ್ದಿತ್ತ್. ಊರ್ ಸಮಿತಿ ಒಂದ್ ಕಾಗ್ದ ಕೊಟ್ಟಿರೆ ನಮ್ಮನಿಗೆ ಬಪ್ಪುಕಾತಿತ್ತ್. ನಂಗ್ ಗೊತ್ತಿದ್ದಿತ್ತ್. ನಾ ಕೊಡ್ಲಿಲ್ಲ."

ಅವಳ ಕೈ ನಿಲ್ಲಲಿಲ್ಲ. ಇನ್ನೊಂದು ಬೀಜದ ಸಿಪ್ಪೆ ತೆಗೆದು ಪಾತ್ರೆಗೆ ಹಾಕಿದಳು.

"ನಂಗೂ ಗೊತ್ತಿದ್ದಿತ್ತ್ ಮಾಣಿ" ಎಂದಳು. "ಎರಡ್ನೇ ದಿನವೇ ಲಾಡ್ಜಿಗ್ ಬಪ್ಪು ನರ್ಸ್ ಹೇಳಿದ್ಲ್. ನಿಮ್ಮೂರ್ ಸಮಿತಿಯಂಗೆ ಯಾರಿದ್ರ್, ಅವ್ರ್ ಹತ್ರ ಕೇಣಿ ಅಂದ್ಲ್."

"ಮತ್ತೆ ಕೇಣ್ಲಿಲ್ಲ ಎಂತಕೆ?"

"ಕೇಂಡ್ರೆ ನೀನ್ ಇಲ್ಲ ಅಂತಿದ್ದೆ. ನಿನ್ ಬಾಯಂಗೆ ಅದನ್ನ್ ಕೇಂಡ್ ಮೇಲೆ ನಿನ್ ಮೋರೆ ಕಾಂಬುಕ್ ನನ್ನತ್ರ ಆತಿರ್ಲಿಲ್ಲ. ನಂಗ್ ತಮ್ಮ ಅಂದೇಳಿ ಇಪ್ಪುದ್ ನೀನ್ ಒಬ್ನೇ ಅಲ್ದಾ. ಅದ್ಕೆ ಕೇಣ್ಲಿಲ್ಲ."

ನಾನು ಇಲ್ಲ ಎನ್ನುತ್ತಿರಲಿಲ್ಲ ಅಕ್ಕ, ನೀನು ಒಂದು ಮಾತು ಕೇಳಿದ್ದರೆ ಖಂಡಿತ ಕೊಡುತ್ತಿದ್ದೆ ಎಂದು ಹೇಳಲು ಬಾಯಿ ತೆರೆದೆ. ಅವಳು ಬೀಜ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕೈಯಲ್ಲಿದ್ದ ಬೀಜವನ್ನು ಪಾತ್ರೆಗೆ ಹಾಕಿದೆ. ಅವಳು ಕೇಳಿದ್ದರೂ ನಾನು ಇಲ್ಲ ಎನ್ನುತ್ತಿದ್ದೆ.